ಬಗ್ ಇದೆ, ಬಗ್ ಇಲ್ಲ, ಗೊತ್ತಾಗಲಿಲ್ಲ

ಬಗ್ ಮತ್ತೆ ಬರಿಸಲು ಬರೆಯುವ ಪುಟ್ಟ ಸ್ಕ್ರಿಪ್ಟ್ (ಎಲ್ಲರ ಬಾಯಲ್ಲೂ ‘ರೀಪ್ರೊ’) ಸಾಮಾನ್ಯವಾಗಿ ಎರಡೇ ಉತ್ತರ ಕೊಡುತ್ತದೆ: ಪಾಸ್, ಇಲ್ಲವೇ ಫೇಲ್. ಬಿಲ್ಡ್ ಆಗದಿದ್ದರೂ ಫೇಲ್, ಡೇಟಾಬೇಸ್ ಏಳದಿದ್ದರೂ ಫೇಲ್, ನಿಜವಾದ ಬಗ್ ಬಂದರೂ ಫೇಲ್. ‘ಗೊತ್ತಾಗಲಿಲ್ಲ’ ಎಂಬ ಮೂರನೇ ಉತ್ತರಕ್ಕೆ ಜಾಗವಿಲ್ಲದ ರೀಪ್ರೊವನ್ನು ನಾನಂತೂ ನಂಬುವುದಿಲ್ಲ.

ಗಿಟ್ ಬೈಸೆಕ್ಟ್ ರನ್ ಬಳಸುವಾಗ ಇದರ ಬಿಸಿ ನೇರವಾಗಿ ತಟ್ಟುತ್ತದೆ. ಬಗ್ ಯಾವ ಕಮಿಟ್‌ನಲ್ಲಿ (ಕೋಡ್‌ನ ಉಳಿಸಿಟ್ಟ ಒಂದು ಹಂತ) ಶುರುವಾಯಿತು ಎಂದು ಇತಿಹಾಸವನ್ನು ಅರ್ಧ ಅರ್ಧ ಮಾಡುತ್ತಾ, ಪ್ರತಿ ಸಲವೂ ನಿಮ್ಮ ಸ್ಕ್ರಿಪ್ಟ್ ಓಡಿಸಿ ಹುಡುಕುವ ಕಮಾಂಡ್ ಇದು. ಸ್ಕ್ರಿಪ್ಟಿನ ಎಕ್ಸಿಟ್ ಕೋಡ್ (ಮುಗಿಯುವಾಗ ಅದು ಬಿಟ್ಟುಹೋಗುವ ಸಂಖ್ಯೆ) 0 ಆದರೆ ಆ ಕಮಿಟ್ ಗುಡ್. 125 ಬಿಟ್ಟು 1ರಿಂದ 127ರವರೆಗೆ ಏನೇ ಬಂದರೂ ಬ್ಯಾಡ್. 125 ಎಂದರೆ ಸ್ಕಿಪ್. 127ಕ್ಕೂ ಮೇಲೆ ಹೋದರೆ ಬೈಸೆಕ್ಟ್ ಅಲ್ಲೇ ನಿಂತುಬಿಡುತ್ತದೆ. ಈಗ ನೋಡಿ: ಬಿಲ್ಡ್ ಮುರಿದಾಗ ಬಿಲ್ಡ್ ಮಾಡುವ ಮೇಕ್ ಕಮಾಂಡ್ ಕೊಡುವ ಕೋಡ್ 2. ಅಂದರೆ ಕಂಪೈಲ್ ಆಗದ ಕಮಿಟ್ ಕೂಡ ಬ್ಯಾಡ್ ಪಟ್ಟಿಗೆ ಸೇರಿ, ಹುಡುಕಾಟ ಪೂರ್ತಿ ತಪ್ಪು ಅರ್ಧಕ್ಕೆ ಹೊರಳುತ್ತದೆ. ಸೆಗ್‌ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಕುಸಿಯುವುದು) ಇನ್ನೊಂದು ಬಗೆಯ ಕಾಟ. ಶೆಲ್ ಅದನ್ನು 139 ಎಂದು ಹೇಳುತ್ತದೆ, ಅದನ್ನೇ ಹಾಗೇ ದಾಟಿಸಿದರೆ ಬೈಸೆಕ್ಟ್ ಅರ್ಧದಾರಿಯಲ್ಲಿ ಕೈಕೊಡುತ್ತದೆ. ಟೈಮ್‌ಔಟ್ ಕಮಾಂಡ್ ಸಮಯ ಮೀರಿದಾಗ ಕೊಡುವುದು 124. ನೀವು ಹುಡುಕುತ್ತಿರುವುದು ಹ್ಯಾಂಗ್ ಆಗುವ ಬಗ್ಗನ್ನೇ ಆದರೆ ಅದು ಸರಿ, ಬೇರೆ ಬಗ್ ಆದರೆ ಅದನ್ನು 125ಕ್ಕೆ ಬದಲಿಸಬೇಕು.

ಹಾಗಾಗಿ ಸ್ಕ್ರಿಪ್ಟಿನ ಕ್ರಮ ಇಷ್ಟು: ಮೊದಲು ಬಿಲ್ಡ್, ಸೋತರೆ 125. ಆಮೇಲೆ ಎಂಕೆಟೆಂಪ್ ಕಮಾಂಡ್‌ನಿಂದ ಹೊಸ ತಾತ್ಕಾಲಿಕ ಡೈರೆಕ್ಟರಿ, ಅದರಲ್ಲೇ ಡೇಟಾ, ಅದರಲ್ಲೇ ಲಾಗ್. ಸಿದ್ಧತೆ ಕೆಟ್ಟರೂ 125. ಪ್ರೋಗ್ರಾಂ ಓಡಿಸಿದ ಮೇಲೆ ಔಟ್‌ಪುಟ್‌ನಲ್ಲಿ ಬಗ್‌ನದ್ದೇ ಎರರ್ ಸಾಲನ್ನು ಗ್ರೆಪ್ ಮಾಡಿ (ಪಠ್ಯದಲ್ಲಿ ಹುಡುಕುವ ಕಮಾಂಡ್), ಸಿಕ್ಕರೆ 1. ಸರಿಯಾದ ಉತ್ತರ ಕಂಡರೆ 0. ಎರಡೂ ಅಲ್ಲದ ಬೇರೆ ಏನೇ ಬರಲಿ, 125. ಪೈಥಾನ್‌ನಲ್ಲಿ ಇಂಪೋರ್ಟ್ ಎರರ್‌ಗೂ ಅಸರ್ಷನ್ ಎರರ್‌ಗೂ ಎಕ್ಸಿಟ್ ಕೋಡ್ 1 ತಾನೆ, ಅದಕ್ಕೇ ಬರೀ ಕೋಡ್ ನೋಡಿದರೆ ಸಾಲದು. ಈ ಸ್ಕ್ರಿಪ್ಟ್ ರೆಪೊದ ಹೊರಗಿರಲಿ. ಒಳಗೆ ಕಮಿಟ್ ಮಾಡಿದ್ದರೆ ಹಳೆಯ ಕಮಿಟ್‌ಗೆ ಹೋದ ಕ್ಷಣ ಅದು ಮಾಯ, ಇಲ್ಲವೇ ಹಳೆಯ ಆವೃತ್ತಿ ಓಡುತ್ತದೆ.

ಆಗೊಮ್ಮೆ ಈಗೊಮ್ಮೆ ಬರುವ ಬಗ್‌ಗಳಲ್ಲಿ ಲೆಕ್ಕ ಹಾಕದೆ ‘ಗುಡ್’ ಅನ್ನಬೇಡಿ. ಹತ್ತರಲ್ಲಿ ಒಂದು ಸಲ ಬರುವ ಬಗ್, 10 ಸಲ ಓಡಿಸಿದರೂ ಒಮ್ಮೆಯೂ ಕಾಣದಿರುವ ಸಾಧ್ಯತೆ ಸುಮಾರು 35%. 30 ಸಲಕ್ಕೆ ಅದು 4%ರ ಆಸುಪಾಸು, 50 ಸಲಕ್ಕೆ ಅರ್ಧ ಶೇಕಡಾ. ಬೈಸೆಕ್ಟ್ ಹಿಂತಿರುಗಿ ನೋಡುವುದಿಲ್ಲ, ಒಂದು ತಪ್ಪು ‘ಗುಡ್’ ಸಾಕು, ಸಂಬಂಧವೇ ಇಲ್ಲದ ಕಮಿಟ್ ಮೇಲೆ ಆರೋಪ ಬರುತ್ತದೆ.

ಇನ್ನು ಕನ್ನಡ ಡೇಟಾ. ‘ಕೋಲಾರ’ ಎಂಬ ಹೆಸರಿನ ‘ೋ’ ಯೂನಿಕೋಡ್‌ನಲ್ಲಿ ಒಂದೇ ಕೋಡ್ ಪಾಯಿಂಟ್ (ಚಿಹ್ನೆಯ ಸಂಖ್ಯೆ) ಆಗಿರಬಹುದು, ಮೂರಾಗಿ ಬಿಡಿಸಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಯುಟಿಎಫ್-8ರಲ್ಲಿ ಮೊದಲನೆಯದು 15 ಬೈಟ್, ಎರಡನೆಯದು 21. ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಂ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಕೊಟ್ಟ ಬೈಟ್‌ಗಳನ್ನು ಹಾಗೇ ಇಟ್ಟುಕೊಳ್ಳುತ್ತದೆ. ಆ ಮ್ಯಾಕ್‌ನಿಂದ ಬಂದ ಫೈಲನ್ನು ಲಿನಕ್ಸ್‌ನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ಟಿಕೆಟ್‌ನಲ್ಲಿ (ಬಗ್ ದೂರಿನಲ್ಲಿ) ಹೆಸರನ್ನು ಪೇಸ್ಟ್ ಮಾಡಿದರೆ ನಡುವಿನ ಯಾವುದೋ ಸಾಫ್ಟ್‌ವೇರ್ ಅದನ್ನು ಮತ್ತೆ ಕೂಡಿಸಿಬಿಡಬಹುದು, ಆಗ ಡೆವಲಪರ್ ಪ್ರಾಮಾಣಿಕವಾಗಿಯೇ ‘ನಮ್ಮಲ್ಲಿ ಬರ್ತಿಲ್ಲ’ ಅನ್ನುತ್ತಾರೆ. ಫೈಲನ್ನೇ ಕಮಿಟ್ ಮಾಡೋಣ ಎಂದರೆ ಮ್ಯಾಕ್‌ನಲ್ಲಿ ಗಿಟ್‌ನ ಪ್ರಿಕಂಪೋಸ್ ಯೂನಿಕೋಡ್ ಸೆಟ್ಟಿಂಗ್ ಹೆಸರನ್ನು ಕೂಡಿಸುತ್ತದೆ. ಆದ್ದರಿಂದ ಬಿಡಿಸಿದ ಹೆಸರನ್ನು ಹೆಕ್ಸ್ ಎಸ್ಕೇಪ್‌ಗಳಾಗಿ (ಪ್ರತಿ ಬೈಟನ್ನೂ ಸಂಖ್ಯೆಯಾಗಿ) ಸ್ಕ್ರಿಪ್ಟ್‌ನಲ್ಲೇ ಬರೆದು, ಫೈಲನ್ನು ಓಡುವಾಗಲೇ ಸೃಷ್ಟಿಸಿ. ಡೈರೆಕ್ಟರಿಯಿಂದ ಹೆಸರನ್ನು ಮರಳಿ ಓದಿ ಬೈಟ್ ಎಣಿಸಿ, 21 ಇಲ್ಲದಿದ್ದರೆ 125. ಬಗ್ ಹುಟ್ಟುವ ಪರಿಸ್ಥಿತಿಯೇ ಇಲ್ಲದ ಕಡೆ ‘ಬಗ್ ಇಲ್ಲ’ ಎನ್ನುವುದಕ್ಕೆ ಅರ್ಥವಿಲ್ಲ.

ಕಣ್ಣಲ್ಲೇ ನೋಡಬೇಕಾದ ಪರೀಕ್ಷೆಗಳಿಗೂ ಇದೇ ರೀತಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆಯೇ ಎಂಬುದನ್ನು ಗ್ರೆಪ್ ಹೇಳಲಾರದು. ಆಗ ಕೊನೆಯ ಕ್ಲಿಕ್‌ವರೆಗಿನ ಎಲ್ಲವನ್ನೂ ಸ್ಕ್ರಿಪ್ಟ್ ಮಾಡಲಿ: ಸರ್ವರ್ ಏಳಿಸುವುದು, ಡೇಟಾ ತುಂಬುವುದು, ಪ್ರತಿ ಸಲವೂ ಖಾಲಿ ಪ್ರೊಫೈಲ್ ಡೈರೆಕ್ಟರಿಯೊಂದಿಗೆ ಕ್ರೋಮ್ ತೆರೆಯುವುದು. ಹಳೆಯ ಕ್ಯಾಶ್, ಹಳೆಯ ಲಾಗಿನ್ ಮಾಡುವ ಅನಾಹುತ ಅಷ್ಟಿಷ್ಟಲ್ಲ. ಪರದೆ ಮೂಡುವ ಮೊದಲೇ ‘ಎರಡನೇ ಸಾಲಿನಲ್ಲಿ ಇಂಥದ್ದು ಕಾಣಬೇಕು’ ಎಂದು ಟರ್ಮಿನಲ್‌ನಲ್ಲಿ ಪ್ರಿಂಟ್ ಆಗಲಿ. ನೋಡಿದ ಮೇಲೆ ನಿರ್ಧರಿಸಲು ಹೊರಟರೆ ಕಣ್ಣು ಕಂಡದ್ದನ್ನೇ ಸರಿ ಅನ್ನುತ್ತದೆ.

ಉತ್ತರ ಗುಡ್, ಬ್ಯಾಡ್, ಸ್ಕಿಪ್ ಮೂರರಲ್ಲಿ ಒಂದು, ನೀವೇ ಟೈಪ್ ಮಾಡುವುದು. ಸುಸ್ತಾದ ಕೈ ಒಂದನ್ನು ತಪ್ಪಾಗಿ ಒತ್ತುವುದು ಇದ್ದದ್ದೇ. ಮೊದಲಿಂದ ಶುರು ಮಾಡಬೇಕಿಲ್ಲ: ಗಿಟ್ ಬೈಸೆಕ್ಟ್ ಲಾಗ್ ಅನ್ನು ಒಂದು ಫೈಲಿಗೆ ಹಾಕಿ, ತಪ್ಪು ಉತ್ತರವನ್ನೂ ಅದರ ನಂತರದ್ದನ್ನೂ ಅಳಿಸಿ, ಬೈಸೆಕ್ಟ್ ರೀಸೆಟ್ ಕೊಟ್ಟು, ಅದೇ ಫೈಲಿನಿಂದ ರೀಪ್ಲೇ ಮಾಡಿ.