ಪಯಸ್ವಿನಿಯ ಗುಂಡಿಯಲ್ಲಿ ಒಂದು ರಾತ್ರಿ

ಸಿಹಿನೀರಿನ ಮೀನುಗಳ ಅಧ್ಯಯನದಲ್ಲೇ ನನ್ನ ವೃತ್ತಿಜೀವನದ ಬಹುಭಾಗ ಕಳೆದಿದೆ. ಆದರೂ ಬೇಸಗೆಯ ಹೊಳೆಯನ್ನು ಹೇಗೆ ನೋಡಬೇಕೆಂಬುದು ಮನದಟ್ಟಾದದ್ದು ಪಯಸ್ವಿನಿಯ ದಡದಲ್ಲಿ ನಿದ್ದೆಗೆಟ್ಟು ಕುಳಿತ ಒಂದು ಏಪ್ರಿಲ್ ರಾತ್ರಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು ಕಾಸರಗೋಡಿಗೆ ಇಳಿದು, ಚಂದ್ರಗಿರಿ ಎನಿಸಿಕೊಂಡು ಕಡಲು ಸೇರುವ ಈ ಹೊಳೆ ಮಳೆಗಾಲದಲ್ಲಿ ಎಷ್ಟೇ ಉಕ್ಕಿ ಹರಿದರೂ, ಬೇಸಗೆಯ ಕೊನೆಗೆ ದೇಲಂಪಾಡಿಯ ಕಡೆ ಹಲವೆಡೆ ಬಂಡೆಗಳ ನಡುವಿನ ಗುಂಡಿಗಳಷ್ಟೇ ಆಗಿ ಉಳಿಯುತ್ತದೆ. ಮುಂದಿನ ಮಳೆಯವರೆಗೆ ಮೀನುಗಳ ಬದುಕೆಲ್ಲ ಆ ಗುಂಡಿಗಳಲ್ಲೇ.

ನಾವು ಹುಡುಕಿಕೊಂಡು ಹೋಗಿದ್ದು ಪೇಟೆಯ ಅಕ್ವೇರಿಯಂ ಅಂಗಡಿಗಳಲ್ಲಿ 'ಮಿಸ್ ಕೇರಳ' ಎಂದು ಮಾರಾಟವಾಗುವ ಮೀನನ್ನು. ಗೇಣಿಗಿಂತ ಚಿಕ್ಕದಾದ ಇದರ ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಗೆರೆ, ಅದರ ಮೇಲೆ ಮೈಯ ನಡುವಿನವರೆಗೆ ಕಡುಗೆಂಪು ಪಟ್ಟೆ. 1865ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಇದನ್ನು ಮೊದಲ ಬಾರಿಗೆ ವರ್ಣಿಸಿ, ಮದ್ರಾಸಿನ ಗವರ್ನರ್ ಆಗಿದ್ದ ವಿಲಿಯಂ ಡೆನಿಸನ್ ಅವರ ಹೆಸರಿಟ್ಟರು. 2013ರಲ್ಲಿ ಇದಕ್ಕಾಗಿ 'ಸಹ್ಯಾದ್ರಿಯಾ' ಎಂಬ ಹೊಸ ಕುಲವನ್ನು ರಚಿಸಲಾಯಿತು. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಸಿಗದ, ಅಳಿವಿನ ಅಂಚಿಗೆ ಬಂದಿರುವ ಮೀನು ಇದು. ಹಿಡಿದು ಮಾರುವವರ ಕಣ್ಣು ಇದರ ಮೇಲೆ ಸದಾ ಇರುವುದರಿಂದ ಗುಂಡಿಯ ನಿಖರವಾದ ಜಾಗವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆ ಗುಂಡಿಯ ಪಕ್ಕದ ಅಡಿಕೆ ತೋಟದ ಯಜಮಾನರು ಹಿಂದಿನ ವಾರ ಕೇಳಿದ ಒಂದು ಪ್ರಶ್ನೆಯೇ ನಮ್ಮನ್ನು ಅಲ್ಲಿ ರಾತ್ರಿ ಕೂರಿಸಿದ್ದು. "ಅಲ್ಲ ಮಾಷ್ಟ್ರೇ, ಗುಂಡಿಯಲ್ಲಿ ನೀರು ಉಂಟಲ್ಲ, ಮತ್ತೆ ಬೆಳಗ್ಗೆ ಬೆಳಗ್ಗೆ ಮೀನುಗಳೆಲ್ಲ ಯಾಕೆ ಮೇಲೆ ಬಂದು ಬಾಯಿ ಬಿಡ್ತವೆ?" ಎಂದು ಅವರು ಕೇಳಿದ್ದರು. ಸಂಶೋಧನೆಯ ಪ್ರಶ್ನೆಗಳು ಪುಸ್ತಕದಿಂದಲೇ ಬರಬೇಕಾಗಿಲ್ಲ. ದಿನವೂ ಹೊಳೆಯನ್ನು ನೋಡುವವರ ಕಣ್ಣಿಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯಲು ಈಗ ಮೀಟರುಗಳಿವೆಯಾದರೂ, 1888ರ ವಿಂಕ್ಲರ್ ವಿಧಾನದ ಮೇಲೆ ನನಗೆ ಇಂದಿಗೂ ಹೆಚ್ಚು ನಂಬಿಕೆ. ಗಾಜಿನ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿಸಿ, ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೋಡೈಡನ್ನೂ ತಳದವರೆಗೆ ಇಳಿಸಿ, ಬಿರಡೆ ಹಾಕಿ ತಲೆಕೆಳಗು ಮಾಡಿದರೆ, ಆಮ್ಲಜನಕ ಇದ್ದಲ್ಲಿ ಕಂದು ಬಣ್ಣದ ಗಷ್ಟು ಕಟ್ಟುತ್ತದೆ, ಇಲ್ಲದಿದ್ದರೆ ಅದು ಬಿಳಿಯಾಗಿಯೇ ಉಳಿಯುತ್ತದೆ. ಗಂಧಕಾಮ್ಲ ಹಾಕಿದಾಗ ಗಷ್ಟು ಕರಗಿ ನೀರು ಹಳದಿಯಾಗುತ್ತದೆ. ಬಳಿಕ ಬ್ಯೂರೆಟ್ ಎಂಬ ಅಳತೆಯ ಕೊಳವೆಯಿಂದ ಥಯೋಸಲ್ಫೇಟನ್ನು ತೊಟ್ಟು ತೊಟ್ಟಾಗಿ ಬಿಡುತ್ತಾ, ಪಿಷ್ಟ ಹಾಕಿದಾಗ ಬರುವ ನೀಲಿ ಬಣ್ಣ ಮಾಯವಾದಲ್ಲಿಗೆ ನಿಲ್ಲಿಸಿ ಲೆಕ್ಕ ಹಾಕಬೇಕು. ತೊಟ್ಟುಗಳು ಕಡಿಮೆ ಬಿದ್ದಷ್ಟೂ ಆಮ್ಲಜನಕ ಕಡಿಮೆ.

ಸಂಜೆಯ ಬಾಟಲಿಯಲ್ಲಿ ಗಷ್ಟು ದಟ್ಟ ಕಂದಾಗಿತ್ತು. ಹಗಲೆಲ್ಲ ಬಿಸಿಲಿಗೆ ಪಾಚಿ ಆಮ್ಲಜನಕವನ್ನು ಬಿಟ್ಟಿದ್ದರಿಂದ ಅದು ನಿರೀಕ್ಷಿತವೇ. ನಡುರಾತ್ರಿಯ ಹೊತ್ತಿಗೆ ಬಣ್ಣ ತೆಳುವಾಯಿತು. ಬೆಳಕು ಹರಿಯುವ ಮುನ್ನ ತುಂಬಿಸಿದ ಬಾಟಲಿಯಲ್ಲಿ ಕಟ್ಟಿದ ಗಷ್ಟನ್ನು ಟಾರ್ಚಿನ ಬೆಳಕಿನಲ್ಲಿ ನೋಡಿದಾಗ ಹೆಚ್ಚುಕಡಿಮೆ ಬಿಳಿಯೇ ಎನ್ನಬಹುದಾಗಿತ್ತು. ಬ್ಯೂರೆಟ್ಟಿನಿಂದ ಕೆಲವೇ ತೊಟ್ಟು ಬೀಳುವಷ್ಟರಲ್ಲಿ ನೀಲಿ ಹೋಗಿಬಿಟ್ಟಿತು. ಕತ್ತಲಲ್ಲಿ ಪಾಚಿಯೂ ಉಸಿರಾಡುತ್ತದೆ, ತಳದಲ್ಲಿ ಕೊಳೆಯುವ ತರಗೆಲೆಯೂ ಆಮ್ಲಜನಕವನ್ನು ತಿನ್ನುತ್ತದೆ. ಮೇಲಾಗಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಹಿಡಿಯುವುದು 7.5 ಮಾತ್ರ. ನಿಂತ ನೀರಿಗೆ ಈ ನಷ್ಟವನ್ನು ಬೇಗನೆ ತುಂಬಿಕೊಳ್ಳುವ ದಾರಿಯಿಲ್ಲ.

ಅಷ್ಟರಲ್ಲಿ ಮೀನುಗಳು ಮೇಲೆ ಬಂದಿದ್ದವು. ಗಾಳಿಗೆ ತಾಗಿಕೊಂಡ ತೆಳುವಾದ ಪದರದಲ್ಲಷ್ಟೇ ಒಂದಿಷ್ಟು ಆಮ್ಲಜನಕ ಉಳಿದಿರುವುದರಿಂದ, ಕೆಂಪು ಪಟ್ಟೆಯ ಆ ಮೀನುಗಳು ಮೂತಿಯನ್ನು ಮೇಲಕ್ಕೆತ್ತಿ, ಕಿವಿರುಗಳನ್ನು ಬೇಗಬೇಗನೆ ಆಡಿಸುತ್ತಾ ಒತ್ತೊತ್ತಾಗಿ ನಿಂತಿದ್ದವು. ಮುಗುಡು, ಮಡೆಂಜಿಗಳಿಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವಿದೆ, ಅವು ಹೇಗೋ ಬದುಕಿಕೊಳ್ಳುತ್ತವೆ. ಹರಿಯುವ ನೀರಿಗೆ ಒಗ್ಗಿದ ಈ ಮೀನಿಗೆ ಆ ಅನುಕೂಲವಿಲ್ಲ. ಅಂಥ ಹೊತ್ತಿನಲ್ಲಿ ಬಲೆ ಬೀಸಿದರೆ ಗುಂಡಿಯ ಇಡೀ ಹಿಂಡೇ ಸಿಕ್ಕಿಬಿಡಬಹುದೆಂಬ ಯೋಚನೆಯಿಂದ ನನಗೆ ನಿಜಕ್ಕೂ ಭಯವಾಯಿತು.

ಚಹಾ ಹಿಡಿದುಕೊಂಡು ಬಂದ ಯಜಮಾನರಿಗೆ ಸಂಜೆಯ ಮತ್ತು ಬೆಳಗಿನ ಲೆಕ್ಕಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೀರನ್ನೇ ನೋಡಿ, "ತೋಡಿನ ಕಟ್ಟದ ಒಂದು ಮೂಲೆ ಬಿಡಿಸಿದ್ರೆ ಆಗ್ತದಾ?" ಎಂದು ಕೇಳಿದರು. ಗುಂಡಿಯ ತಲೆಭಾಗದಲ್ಲಿ ಬಂದು ಸೇರುವ ತೋಡಿಗೆ ಅವರ ಮನೆಯವರು ಪ್ರತಿವರ್ಷ ಕಲ್ಲು ಮಣ್ಣುಗಳಿಂದ ಕಟ್ಟ ಕಟ್ಟುತ್ತಾರೆ. ಕಾಸರಗೋಡಿನ ಈ ಕಟ್ಟಗಳ ಬಗ್ಗೆ ನನಗೆ ಗೌರವವಿದೆ. ಬಾವಿಗಳಿಗೂ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಿಗೂ ಇವುಗಳಿಂದ ನೀರು ಒಸರುತ್ತದೆ, ಮಳೆಗಾಲದಲ್ಲಿ ಇವು ಕೊಚ್ಚಿಹೋಗುವುದರಿಂದ ಮೇಲಕ್ಕೆ ಹತ್ತುವ ಮೀನಿಗೆ ಕಾಂಕ್ರೀಟಿನ ಅಡ್ಡಗೋಡೆಯಂತೆ ತಡೆಯಾಗುವುದಿಲ್ಲ. ಒಂದು ಮೂಲೆಯಲ್ಲಿ ಕೈಯಗಲದಷ್ಟು ಬಿಟ್ಟರೂ ನೀರು ಕಲ್ಲುಗಳ ಮೇಲೆ ಬಿದ್ದು ಗಾಳಿಯೊಡನೆ ಬೆರೆತು ಗುಂಡಿಗೆ ಇಳಿಯುತ್ತದೆಂದು ಹೇಳಿದೆ. ಹಾರೆ ತರಿಸಿ ಅವರು ಅಂದೇ ಆ ಕೆಲಸ ಮಾಡಿಸಿದರು. ಆಮ್ಲಜನಕ ತೀರಾ ಕಡಿಮೆಯಿರುವ ಮುಂಜಾನೆ ಪಂಪು ಹಾಕುವುದನ್ನು ಬಿಟ್ಟು ಬಿಸಿಲೇರಿದ ಮೇಲೆ ತೋಟಕ್ಕೆ ನೀರು ಬಿಡುವುದಕ್ಕೂ ಒಪ್ಪಿದರು.

ಅಂದಿನಿಂದ ನನ್ನ ವಿದ್ಯಾರ್ಥಿಗಳು ಬೇಸಗೆಯ ಯಾವ ಗುಂಡಿಯ ಬಗ್ಗೆ ಬರೆದರೂ, ಸೂರ್ಯೋದಯಕ್ಕೆ ಮುಂಚಿನ ಅಳತೆಯಿಲ್ಲದ ವರದಿಗೆ ನಾನು ಸಹಿ ಹಾಕುವುದಿಲ್ಲ.