ತೋಟಕ್ಕೆ ಹೋಗ್ತಾರಾ?

ಕಳೆದ ತಿಂಗಳು ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗ್ರೂಪಿಗೆ ಬಂದಾಗ ನಾನು ಒಬ್ಬ ಯೋಧನ ಹೆಂಡತಿಯ ಜೊತೆ ಮಾತಾಡುತ್ತಾ ಕೂತಿದ್ದೆ. ಫೋನು ಪಕ್ಕದ ಕೋಣೆಯಲ್ಲಿತ್ತು. ಎದುರಿಗೆ ಒಬ್ಬರು ಕೂತು ಮಾತಾಡುವಾಗ ಫೋನು ಕೈಗೆ ಸಿಗೋ ಹಾಗಿರಬಾರದು ಅಂತ ಕಲಿಸಿದವರೇ ಮೇಷ್ಟ್ರು. ಒಂದು ಗಂಟೆ ತಡವಾಗಿ ಗೊತ್ತಾಯಿತು. ಆಮೇಲೆ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರಲು ಪಿರಿಯಾಪಟ್ಟಣದ ಕಡೆಯಿಂದ ಕೊಡಗಿಗೆ ಬಂದದ್ದು 2004ರಲ್ಲಿ. ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು, ಮಿಲಿಟರಿ ಸೇರಿದವರು ಯಾರೂ ಇಲ್ಲ. ಇಲ್ಲಿ ನೋಡಿದರೆ ಯಾವ ಮನೆಗೆ ಹೋದರೂ ಗೋಡೆ ಮೇಲೆ ಸಮವಸ್ತ್ರದ ಫೋಟೊ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಅಲ್ವಾ. ಆ ಫೋಟೊದ ಕೆಳಗೆ ಕೂತ ಮನುಷ್ಯನಿಗೆ ರಾತ್ರಿ ನಿದ್ದೆ ಬರುತ್ತೋ ಇಲ್ಲವೋ ಅಂತ ಯೋಚಿಸಬೇಕು ಅನ್ನೋದು ನನಗೆ ಹೊಳೆದೇ ಇರಲಿಲ್ಲ.

ಎರಡು ವರ್ಷದಲ್ಲಿ ಯಾವ ಪತ್ರಿಕೆಯಲ್ಲಿ ಏನಿತ್ತು ಅಂತ ಕೇಳಿದರೆ ಈಗ ನೆನಪಿಲ್ಲ. ಮೇಷ್ಟ್ರ ಮೊದಲ ತರಗತಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಸೇನೆಯ ವೈದ್ಯಕೀಯ ದಳದಲ್ಲಿ 17 ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು, ನಿವೃತ್ತಿ ಆದಮೇಲೆ ಓದಿ ಮೇಷ್ಟ್ರಾದವರು. ಬೋರ್ಡಿನ ಮೇಲೆ ಎಸ್, ಎಚ್, ಎ, ಪಿ, ಇ ಅಂತ ಐದು ಅಕ್ಷರ ಬರೆದರು. ಸೈನಿಕನ ವೈದ್ಯಕೀಯ ದರ್ಜೆ ಅಳೆಯೋದು ಹೀಗೆ, ಕಿವಿ, ಕೈಕಾಲು, ದೇಹದ ಶಕ್ತಿ, ಕಣ್ಣು ಎಲ್ಲ ಇದೆ, ಆದರೆ ಮೊದಲ ಅಕ್ಷರ ಮನಸ್ಸಿನದು ಅಂದರು. 'ಶೇಪ್-1' ಅಂದರೆ ಎಲ್ಲದರಲ್ಲೂ ಸರಿ ಇದ್ದಾನೆ ಅಂತ. ಆ ಮೊದಲ ಅಕ್ಷರದಲ್ಲಿ ಕೆಳಗಿಳಿದರೆ ಬಡ್ತಿ ಹೋಗುತ್ತೆ ಅನ್ನೋ ಭಯಕ್ಕೆ ಎಷ್ಟೋ ಜನ ಬಾಯೇ ಬಿಡುವುದಿಲ್ಲ. 'ಪೆನ್ಷನ್ ಬಂದಮೇಲೂ ಆ ಭಯ ಹೋಗಲ್ಲ. ನೀವು ಹೋಗಿ ಹೇಗಿದ್ದೀರಿ ಅಂತ ಕೇಳಿದ್ರೆ ಚೆನ್ನಾಗಿದೀನಿ ಅಂತಾರೆ. ಅದನ್ನೇ ಬರ್ಕೊಂಡು ಬರಬೇಡಿ' ಅಂದರು.

ನಾವು ಬರೆದುಕೊಂಡು ಬಂದದ್ದು ಅದನ್ನೇ. ಅದೂ ಹೋಗದೆ!

ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್ ಇರುತ್ತಿತ್ತು. ನನಗೂ ಇನ್ನಿಬ್ಬರು ಗೆಳತಿಯರಿಗೂ ಸಿಕ್ಕಿದ್ದು ಒಬ್ಬ ನಿವೃತ್ತ ಹವಾಲ್ದಾರರ ಮನೆ. (ಊರು, ರೆಜಿಮೆಂಟು ಯಾವುದನ್ನೂ ಬರೆಯುತ್ತಿಲ್ಲ, ಇಪ್ಪತ್ತು ವರ್ಷ ಆಗಿದ್ದರೂ.) ಬಸ್ಸಿಳಿದು ಮೂರು ಕಿಲೋಮೀಟರ್ ನಡೆಯಬೇಕು. ಡಿಸೆಂಬರ್ ತಿಂಗಳು, ಚಳಿ ಬೇರೆ. ಒಂದು ಗುರುವಾರ ನಾವು ಆ ಬಸ್ಸು ಹತ್ತದೆ ಮಡಿಕೇರಿ ಬಸ್ಸು ಹತ್ತಿದೆವು. ರಾಜಾಸೀಟಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾ ಮೂವರೂ ಸೇರಿ ವರದಿ ಬರೆದೆವು. ಅಕ್ಷರ ಚೆನ್ನಾಗಿದ್ದದ್ದು ನನ್ನದು, ಹಾಗಾಗಿ ಬರೆದವಳು ನಾನೇ. 'ಹವಾಲ್ದಾರರು ಲವಲವಿಕೆಯಿಂದಿದ್ದಾರೆ. ಬೆಳಿಗ್ಗೆ ಬೇಗ ಎದ್ದು ಕಾಫಿ ತೋಟದಲ್ಲಿ ಓಡಾಡುತ್ತಾರೆ. ಕುಟುಂಬದಲ್ಲಿ ಯಾವುದೇ ಸಮಸ್ಯೆ ಕಂಡುಬರಲಿಲ್ಲ.'

ಮರುದಿನ ಮೇಷ್ಟ್ರು ವರದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು 'ತೋಟಕ್ಕೆ ಹೋಗ್ತಾರಾ?' ಅಂದರು. ಹೂಂ ಸಾರ್ ಅಂದೆವು. 'ನೀವೇ ನೋಡಿದ್ರಾ?' ಹೂಂ ಸಾರ್. ಅವರು ಬೈಯಲಿಲ್ಲ. 'ನಾಳೆ ಏಳು ಗಂಟೆಗೆ ಬಸ್ ಸ್ಟ್ಯಾಂಡಿಗೆ ಬನ್ನಿ' ಅಂದರು, ಅಷ್ಟೇ. ಆ ರಾತ್ರಿ ಹಾಸ್ಟೆಲಿನಲ್ಲಿ ನಾವು ಮೂವರೂ ನಿದ್ದೆ ಮಾಡಲಿಲ್ಲ.

ಮನೆ ಮುಂದೆ ಸಿಮೆಂಟಿನ ಕಣ. ಕಣದ ತುಂಬ ಕಾಫಿ ಹಣ್ಣು ಹರಡಿದ್ದರು. ಹವಾಲ್ದಾರರ ಹೆಂಡತಿ ಬಗ್ಗಿ ಅದನ್ನು ಎಳೆದು ಹರಡುತ್ತಿದ್ದರು. ಹವಾಲ್ದಾರರು ಕಣದ ಅಂಚಿನಲ್ಲಿ ನಿಂತಿದ್ದರು, ಸರಿಯಾಗಿ ಸಿಮೆಂಟು ಮುಗಿದು ಮಣ್ಣು ಶುರುವಾಗುವ ಕಡೆ. ಮೇಷ್ಟ್ರು ಹೋಗಿ ಪಕ್ಕದಲ್ಲಿ ನಿಂತರು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರು 'ಈ ಸಲ ಎಷ್ಟು ಮೂಟೆ ಆಗಬಹುದು?' ಅಂದರು. 'ಅವಳನ್ನ ಕೇಳಿ, ನನಗೆ ಗೊತ್ತಿಲ್ಲ' ಅಂದರು ಅವರು.

ಹಿಂದೆ ಬರುವಾಗ ದಾರಿಯಲ್ಲಿ ಮೇಷ್ಟ್ರು ಹೇಳಿದರು. 1987ರಿಂದ 90ರವರೆಗೆ ನಮ್ಮ ಶಾಂತಿಪಡೆ ಶ್ರೀಲಂಕಾದಲ್ಲಿತ್ತಲ್ಲ, ಅದರಲ್ಲಿ ಇವರಿದ್ದರು. ಅಲ್ಲಿ ನೆಲದಲ್ಲಿ ಬಾಂಬು ಹುಗಿದಿರುತ್ತಿದ್ದರು, ಮುಂದೆ ನಡೆಯುತ್ತಿದ್ದವನು ಕಾಲಿಟ್ಟ ಕಡೆಯೇ ಕಾಲಿಡಬೇಕಿತ್ತು. ಊರಿಗೆ ಬಂದಮೇಲೆ ಅವರು ತಮ್ಮದೇ ತೋಟದ ಕಾಲುದಾರಿಯಲ್ಲಿ, ತರಗೆಲೆ ಬಿದ್ದ ಮೆತ್ತನೆ ಮಣ್ಣಿನ ಮೇಲೆ ಕಾಲಿಟ್ಟಿಲ್ಲ. ಅಂಗಡಿಗೆ ಹೋಗಬೇಕಾದರೂ ಸುತ್ತು ಬಳಸಿ ಡಾಂಬರು ರಸ್ತೆಯಲ್ಲೇ ಹೋಗುತ್ತಾರೆ. ನಾನು 'ತೋಟದಲ್ಲಿ ಓಡಾಡುತ್ತಾರೆ' ಅಂತ ಬರೆದಿದ್ದೆ! ಆ ಸಾಲನ್ನು ನೆನೆದರೆ ನನಗೆ ಇವತ್ತಿಗೂ ಮುಖ ಬಿಸಿಯಾಗುತ್ತೆ.

ಆದರೆ ನನ್ನನ್ನು ಈ ಕೆಲಸಕ್ಕೆ ತಂದದ್ದು ಅದಲ್ಲ. ಅದಕ್ಕೂ ಮೊದಲು, ಅಡುಗೆಮನೆಯಲ್ಲಿ ಬೆಲ್ಲದ ಕಾಫಿ ಕಾಯಿಸುತ್ತಿದ್ದ ಆ ತಾಯಿಯನ್ನು ಮೇಷ್ಟ್ರು ಬಾಗಿಲಲ್ಲಿ ನಿಂತು 'ನೀವು ನಿದ್ದೆ ಮಾಡ್ತೀರಾ ಅಕ್ಕಾ?' ಅಂತ ಕೇಳಿದ್ದರು. ಅವರು ಲೋಟ ಕೆಳಗಿಟ್ಟರು. ಸೆರಗಿನಿಂದ ಕೈ ಒರೆಸಿಕೊಂಡರು. ಗಂಡನನ್ನು ಮುಟ್ಟಿ ಎಬ್ಬಿಸುವ ಹಾಗಿಲ್ಲ, ಒಂದು ಸಲ ಎಬ್ಬಿಸಲು ಹೋಗಿ ಮಣಿಕಟ್ಟು ಮುರಿದಿತ್ತು, ಅಂದಿನಿಂದ ಬಾಗಿಲಲ್ಲೇ ನಿಂತು ಹೆಸರು ಕೂಗಿ ಎಬ್ಬಿಸುತ್ತೇನೆ ಅಂದರು. 'ನನ್ನನ್ನ ಇದುವರೆಗೂ ಯಾರೂ ಕೇಳಿರಲಿಲ್ಲ' ಅಂದರು. ಅಳಲಿಲ್ಲ. ಕಾಫಿ ಕೊಟ್ಟರು.

ಮುಂದೆ ನಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎಂ.ಫಿಲ್. ಮಾಡಿದೆ. ಈ ತೊಂದರೆಗೆ ಮೊದಲ ಮಹಾಯುದ್ಧದಲ್ಲಿ 'ಶೆಲ್ ಶಾಕ್' ಅಂತಿದ್ದರು, ವಿಯೆಟ್ನಾಂ ಯುದ್ಧದಿಂದ ಬಂದವರನ್ನು ನೋಡಿದಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರು 'ಪಿ.ಟಿ.ಎಸ್.ಡಿ.' (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಅಂತ ತಮ್ಮ ರೋಗಗಳ ಕೈಪಿಡಿಗೆ ಸೇರಿಸಿದರು ಅನ್ನೋದನ್ನೆಲ್ಲ ಅಲ್ಲಿ ಓದಿದೆ. ಅಲ್ಲಿ ಕಲಿತದ್ದು ಬಹಳ. ಆದರೂ ಸೈನಿಕರ ಮನೆಗೆ ಹೋದಾಗ ಕೈಹಿಡಿಯೋದು ಮೇಷ್ಟ್ರ ಮಾತೇ. ಮೊದಲು ಪೆನ್ಷನ್ ಕಾಗದ, ಇ.ಸಿ.ಎಚ್.ಎಸ್. (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡು ಸರಿ ಇದೆಯಾ ಕೇಳಿ, ಅದು ನಿಂತಿದ್ದರೆ ಮನಸ್ಸಿನ ಮಾತು ಹೊರಡಲ್ಲ. ಮಿಲಿಟರಿ ಕ್ಯಾಂಟೀನ್ ರಮ್ಮಿನ ವಿಷಯ ಹೆಂಡತಿಯ ಎದುರಿಗೆ ಎತ್ತಬೇಡಿ. ಯುದ್ಧದಲ್ಲಿ ಎಷ್ಟು ಜನರನ್ನ ಹೊಡೆದ್ರಿ ಅಂತ ಸತ್ತರೂ ಕೇಳಬೇಡಿ. 'ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ' ಅನ್ನಬೇಡಿ, ಆಗಲ್ಲ. ವರ್ಷಗಟ್ಟಲೆ ಒಬ್ಬಳೇ ಮನೆ ನಡೆಸಿದ ಹೆಂಗಸಿನ ಮನೆಗೆ ಗಂಡ ವಾಪಸ್ ಬಂದು ಯಜಮಾನ ಆಗಬೇಕು ಅಂದಾಗ ಇಬ್ಬರಿಗೂ ಕಷ್ಟ, ಯಾರ ಪರವೂ ವಹಿಸಬೇಡಿ.

ಈ ಕೆಲಸ ಮಾಡುತ್ತಾ ಹದಿನಾರು ವರ್ಷ ಆಯಿತು. ನೂರಾರು ಮನೆ ನೋಡಿದ್ದೇನೆ, ಬೇರೆ ಸಮಾಲೋಚಕರ ಹತ್ತಿರ ಬಾಯಿ ಬಿಡದವರು ನನ್ನ ಹತ್ತಿರ ಮಾತಾಡಿದ್ದಾರೆ. ಹೆಮ್ಮೆ ಇದೆ, ಯಾಕೆ ಮುಚ್ಚಿಡಲಿ. ಈಗ ನನ್ನ ಹತ್ತಿರ ತರಬೇತಿಗೆ ಬರುವ ಹುಡುಗ ಹುಡುಗಿಯರು ಜಾಣರು, ಇಂಗ್ಲಿಷಿನಲ್ಲಿ ಚೆನ್ನಾಗಿ ವರದಿ ಬರೆಯುತ್ತಾರೆ. ಆದರೆ ಕೆಲವರು ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ಬರುತ್ತಾರೆ, ಒಬ್ಬ ಸೈನಿಕನ ಮನೆಯ ಹೊಸಿಲನ್ನೂ ದಾಟಿರಲ್ಲ. 2022ರಲ್ಲಿ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಬಂತು, ನಂಬರು 14416, ಮರುವರ್ಷ ಸೇನೆಯವರಿಗೆ ಅಂತಲೇ ಪುಣೆಯಲ್ಲಿ ಅದರ ಘಟಕ ಆಯಿತು. ಒಳ್ಳೆಯದೇ ಆಯಿತು, ಆ ನಂಬರನ್ನು ನಾನೇ ಎಲ್ಲರಿಗೂ ಬರೆದುಕೊಡುತ್ತೇನೆ. ಆದರೆ ಕಣದ ಅಂಚಿನಲ್ಲಿ ನಿಂತವರು ಫೋನಿನಲ್ಲಿ ಕಾಣುವುದಿಲ್ಲ. ಕಾಲೇಜಿನವರು ಫೀಲ್ಡ್ ವರ್ಕ್ ದಿನಗಳನ್ನು ಕಡಿಮೆ ಮಾಡಬೇಡಿ ಅಂತ ಈ ಪುಟದಿಂದಲೇ ಕೇಳಿಕೊಳ್ಳುತ್ತೇನೆ.

ಮೇಷ್ಟ್ರ ತಿಥಿಗೆ ಹೋಗಿದ್ದೆ. ಹವಾಲ್ದಾರರ ಹೆಂಡತಿ ಬಂದಿದ್ದರು, ಕೂದಲು ಪೂರಾ ಬೆಳ್ಳಗಾಗಿದೆ. ನನ್ನ ಗುರುತು ಹಿಡಿದರು. ಮೇಷ್ಟ್ರು ಕಾಲೇಜಿನಿಂದ ನಿವೃತ್ತಿ ಆದಮೇಲೂ ತಿಂಗಳಿಗೊಂದು ಭಾನುವಾರ ಅವರ ಮನೆಗೆ ಹೋಗುತ್ತಿದ್ದರಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. 'ತೋಟಕ್ಕೆ ಹೋಗ್ತಾರಾ?' ಅಂತ ಕೇಳಿದೆ. 'ಮೋಟರ್ ಮನೆ ತನಕ ಬರ್ತಾರೆ, ನಾನು ಮುಂದೆ ನಡೆದ್ರೆ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಇನ್ನು ಭಾನುವಾರ ಯಾರು ಬರ್ತಾರೆ?' ಅಂದರು.

ಬರುವ ಭಾನುವಾರ ಏಳು ಗಂಟೆ ಬಸ್ಸಿಗೆ ಹೊರಡುತ್ತಿದ್ದೇನೆ. ಗೆಳತಿಯರಿಬ್ಬರಿಗೂ ಹೇಳಿದ್ದೇನೆ.