ಪದ್ಮಿನಿ ಪ್ರಾಜೆಕ್ಟ್: ಬ್ರೇಕ್ ಮುಗೀತು, ಗೇರ್ ಕೂತಿತು, ಮುಂದಿನ ಓನರ್ ಯಾರು?

ನವೆಂಬರ್

ನಾಲ್ಕು ಚಕ್ರವನ್ನೂ ಬಿಚ್ಚಿ ಗೋಡೆಗೆ ಒರಗಿಸಿ ಆಯಿತು. ಕಾರು ಸ್ಟ್ಯಾಂಡ್ ಮೇಲೆ ನಿಂತಿದೆ. ಹೊಸದಾಗಿ ಓದುತ್ತಿರುವವರಿಗೆ ಚಿಕ್ಕ ಪರಿಚಯ: 1986ರ ಪ್ರೀಮಿಯರ್ ಪದ್ಮಿನಿ, ಕೆನೆ ಬಣ್ಣ, ಕೆ.ಎ. ನಂಬರ್ ಬರುವುದಕ್ಕೂ ಮುಂಚಿನ ಪ್ಲೇಟ್. ಮೈಸೂರಿನಲ್ಲೇ, ಒಬ್ಬರೇ ಓನರ್ ಕೈಯಲ್ಲಿ ಇದ್ದದ್ದು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ನಾಲ್ಕೂ ಕಡೆ ಡ್ರಮ್ ಬ್ರೇಕ್. ಎಂಜಿನ್ ಮಳೆಗಾಲದಲ್ಲೇ ಸ್ಟಾರ್ಟ್ ಆಗಿತ್ತು. ನಿಲ್ಲಿಸುವುದಕ್ಕೆ ಮಾತ್ರ ಆಗುತ್ತಿರಲಿಲ್ಲ.

ಹಾಗಾಗಿ ಈ ತಿಂಗಳು ಪೂರ್ತಿ ಬ್ರೇಕ್. ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಬ್ರೇಕ್ ಶೂ ತಳ್ಳುವ ಭಾಗ) ಬಿಚ್ಚಿದರೆ ಒಳಗೆ ಬರೀ ಕಂದು ರಾಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಆ ತೇವವೇ ಸಿಲಿಂಡರ್ ಒಳಗೆ ತುಕ್ಕಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಿಂದಿನ ಎರಡನ್ನು ಹೋನ್ ಮಾಡಿಸಿದೆ, ಅಂದರೆ ಒಳಮೈ ಉಜ್ಜಿ ನಯ ಮಾಡಿಸಿದೆ, ಮುಂದಿನವು ಉಳಿಯುವ ಹಾಗೆ ಇರಲಿಲ್ಲ. ರಬ್ಬರ್ ಕಿಟ್ ಮತ್ತು ಹೋಸ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಹೊಸ ಸಿಲಿಂಡರ್ ಸಿಕ್ಕಿದ್ದು ಮಾತ್ರ ಅಲ್ಲಿ ಅಲ್ಲ, ಹಿಂದಿನ ಓನರ್ ಮನೆಯ ಅಟ್ಟದಲ್ಲಿ.

ಅವರ ಬಗ್ಗೆ ಹೇಳಬೇಕು. ನಿವೃತ್ತ ಲೆಕ್ಚರರ್, ವಯಸ್ಸು ಎಂಬತ್ತು ದಾಟಿದೆ. ಕಾರನ್ನು ಹೊಸದರಲ್ಲೇ ಕೊಂಡವರು. ಮಾರಿದ ಕಾರಣ ಮಂಡಿ ನೋವು: ಕ್ಲಚ್ ಒತ್ತಲು ಆಗುವುದಿಲ್ಲ, ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ಪಾರ್ಕಿಂಗಿನಲ್ಲಿ ತಿರುಗಿಸಲು ಭುಜ ಬಿಡುವುದಿಲ್ಲ. ಮಗ ಹೊರದೇಶದಲ್ಲಿ, ಮಗಳು ಬೆಂಗಳೂರಿನಲ್ಲಿ. ಮಗಳ ಅಪಾರ್ಟ್‌ಮೆಂಟಿಗೆ ಇರುವುದು ಒಂದೇ ಪಾರ್ಕಿಂಗ್. ಕಾರಿನ ಜೊತೆ ಅವರು ಎರಡು ಗೋಣಿಚೀಲ ಕೊಟ್ಟರು. ಕಿಂಗ್ ಪಿನ್ (ಮುಂದಿನ ಚಕ್ರ ತಿರುಗುವ ಕೀಲು) ಸೆಟ್, ಕಾಂಟ್ಯಾಕ್ಟ್ ಪಾಯಿಂಟ್, ಕಂಡೆನ್ಸರ್, ಕಾರ್ಬ್ಯುರೇಟರ್ ಗ್ಯಾಸ್ಕೆಟ್, ಮೈಕೋ ಪ್ಲಗ್ ಡಬ್ಬಿಗಳು. ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೊಂಡ ತಾರೀಖು ಬರೆದು, ದಾರ ಕಟ್ಟಿದ್ದರು.

ಇದು ಅವರೊಬ್ಬರ ಅಭ್ಯಾಸ ಅಲ್ಲ. ಆ ಕಾಲದ ಫಿಯಟ್ ಓನರುಗಳು ಬಹಳಷ್ಟು ಜನ ಹೀಗೇ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ಫಿಯಟ್ 1100 ಡಿಲೈಟ್ ಮಾಡಿತು. ಎಪ್ಪತ್ತರ ದಶಕದಲ್ಲಿ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ. ಕಾರು ಬೇಕು ಅಂದರೆ ಡೆಪಾಸಿಟ್ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರೇ 12,000 ರೂಪಾಯಿಯ ಫಿಯಟ್ ಕೊಳ್ಳಲು ಬ್ಯಾಂಕಿನಿಂದ 5,000 ಸಾಲ ಮಾಡಿದ್ದರು. ಅವರು ಹೋದ ಮೇಲೆ ಆ ಸಾಲ ತೀರಿಸಿದ್ದು ಅವರ ಹೆಂಡತಿ, ಪಿಂಚಣಿ ದುಡ್ಡಿನಲ್ಲಿ. ಜೀವನದಲ್ಲಿ ಒಂದೇ ಸಲ ಕೊಳ್ಳುವ ವಸ್ತು ಅಂದಮೇಲೆ ಸ್ಪೇರ್ ಒಂದಕ್ಕೆರಡು ಇಟ್ಟುಕೊಳ್ಳದೆ ಇರುತ್ತಾರಾ?

ಈಗ ಆ ಅಟ್ಟಗಳ ಸ್ಥಿತಿ ಯೋಚಿಸಿ. ಯಜಮಾನರು ಹೋದ ಮೇಲೆ ಮನೆ ಖಾಲಿ ಮಾಡಲು ಬಂದ ಮಕ್ಕಳಿಗೆ ಅದು ತುಕ್ಕು ಹಿಡಿದ ಕಬ್ಬಿಣ. ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಕಾರನ್ನಾದರೂ ಯಾರೋ ನೋಡಿ ಉಳಿಸಿಕೊಳ್ಳುತ್ತಾರೆ. ಗೋಣಿಚೀಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಡಿಸೆಂಬರ್

ಬ್ರೇಕ್ ಬ್ಲೀಡ್ ಆಯಿತು, ಪೈಪಿನೊಳಗಿನ ಗಾಳಿ ಹೋಯಿತು. ಪೆಡಲ್ ಗಟ್ಟಿ ನಿಂತಿದೆ. ಈಗ ಗೇರ್.

ಕಾಲಂ ಶಿಫ್ಟ್ ಓಡಿಸದವರಿಗೆ: ಗೇರ್ ಲಿವರ್ ಸ್ಟೀರಿಂಗಿನ ಎಡಕ್ಕೆ ಇರುತ್ತದೆ, ಗೇರ್‌ಬಾಕ್ಸ್ ಕೆಳಗೆ ದೂರದಲ್ಲಿ. ನಡುವೆ ರಾಡುಗಳು, ರಾಡಿನ ತುದಿಗೆ ಬುಷ್‌ಗಳು, ಅಂದರೆ ಕೀಲಿಗೆ ಹಾಕುವ ಸಣ್ಣ ಬಳೆಗಳು. ಒಂದೊಂದು ಬುಷ್ ಕೂದಲೆಳೆಯಷ್ಟು ಸವೆದರೂ ಎಲ್ಲ ಸೇರಿ ಮೇಲೆ ಲಿವರ್ ಅಂಗೈ ಅಗಲ ಅಲ್ಲಾಡುತ್ತದೆ. ಎರಡನೇ ಗೇರ್ ಹುಡುಕುವಷ್ಟರಲ್ಲಿ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಮೊದಲ ಗೇರಿಗೆ ಸಿಂಕ್ರೊಮೆಶ್ (ಹಲ್ಲುಗಳ ವೇಗ ಹೊಂದಿಸಿ ಗೇರ್ ಸಲೀಸಾಗಿ ಕೂರಿಸುವ ಭಾಗ) ಕೂಡ ಇಲ್ಲ. ಕಾರು ಪೂರ್ತಿ ನಿಂತ ಮೇಲೇ ಹಾಕಬೇಕು, ಇಲ್ಲಾಂದ್ರೆ ಕರ್ ಅನ್ನುತ್ತದೆ.

ಕೆಲಸಕ್ಕೆ ಬಂದವರು ಅಗ್ರಹಾರದ ಹತ್ತಿರ ಶೆಡ್ ಇಟ್ಟಿದ್ದ ಮೇಸ್ತ್ರಿ. ಎಪ್ಪತ್ತು ದಾಟಿದೆ, ಶೆಡ್ ಮುಚ್ಚಿ ಆಗಿದೆ. ನಾನು ಕಾರಿನ ಕೆಳಗೆ ಹೋಗಿ ಎಲ್ಲ ಬುಷ್ ಬಿಚ್ಚಲು ರೆಡಿಯಾಗಿದ್ದೆ. ಅವರು ಬೇಡ ಅಂದರು. ಸೀಟಿನಲ್ಲಿ ಕೂತು ಲಿವರ್ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರು. ಆಮೇಲೆ ಹಿಂದೆ ಮುಂದೆ. ಕಣ್ಣು ಕಿಟಕಿಯ ಆಚೆ, ಕಿವಿ ಇಲ್ಲಿ. "ಕೆಳಗಿನದು ಎರಡು ಹೋಗಿದೆ. ಮೇಲಿನದು ಚೆನ್ನಾಗಿದೆ, ಮುಟ್ಟಬೇಡ" ಅಂದರು. ಬಿಚ್ಚಿ ನೋಡಿದರೆ ಅಷ್ಟೇ. ಕೆಳಗಿನ ಎರಡು ಬುಷ್‌ನ ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು.

ರೆಡಿಮೇಡ್ ಬುಷ್ ತಂದು ಹಾಕಬಹುದಿತ್ತು. ಈಗ ಬರುವುದು ಮೆದು ಪ್ಲಾಸ್ಟಿಕ್, ಎಂಜಿನ್ ಬಿಸಿಗೆ ಬೇಗ ಹೋಗುತ್ತದೆ ಅಂತ ಅವರ ಅಭಿಪ್ರಾಯ. ಗಟ್ಟಿ ನೈಲಾನ್ ರಾಡ್ ತಂದು ಲೇತ್‌ನಲ್ಲಿ ಕಡೆಸಿದೆವು. ಟರ್ನರ್ ಹುಡುಗನಿಗೆ ಇಪ್ಪತ್ತೈದು ಇರಬಹುದು. ಪದ್ಮಿನಿಯ ಹೆಸರು ಕೇಳಿದ್ದಾನೆ, ಗೇರ್ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಆದರೆ ಅಳತೆ ಕೊಟ್ಟ ಮೇಲೆ ಕೈ ನಡುಗದೆ ಕಡೆದ. ಅಳತೆಗಳನ್ನೆಲ್ಲ ಬರೆದಿಟ್ಟುಕೊಂಡು, ಮೇಸ್ತ್ರಿ ಬುಷ್ ಕೂರಿಸುವುದನ್ನು ಫೋನಿನಲ್ಲಿ ವಿಡಿಯೊ ಮಾಡಿದ್ದೇನೆ. ಅವರ ಮುಖ ಬೇಡ ಅಂದರು, ಬರೀ ಕೈ ಇದೆ. ನನಗೆ ಬೇಕಿದ್ದದ್ದೂ ಅಷ್ಟೇ.

ಸ್ಪೇರ್ ಯಾಕೆ ಕಮ್ಮಿಯಾಗುತ್ತಿದೆ ಅಂತ ಬಹಳ ಜನ ಕೇಳುತ್ತಾರೆ. ಉತ್ತರ ಮುಂಬೈಯಲ್ಲಿದೆ. ಪದ್ಮಿನಿಯ ತಯಾರಿಕೆ ನಿಂತಿದ್ದು 2000ದ ಹೊತ್ತಿಗೆ. ಆದರೆ ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿಗಳು ಆಮೇಲೂ ಇಪ್ಪತ್ತು ವರ್ಷ ಓಡಿದವು. ಟ್ಯಾಕ್ಸಿಯವನಿಗೆ ದಿನಾ ಕ್ಲಚ್ ಬೇಕು, ಬ್ರೇಕ್ ಲೈನರ್ ಬೇಕು, ಕಿಂಗ್ ಪಿನ್ ಬೇಕು. ಅದಕ್ಕಾಗಿ ಸಣ್ಣ ಸಣ್ಣ ಕಾರ್ಖಾನೆಗಳು ಮಾಲು ಮಾಡುತ್ತಿದ್ದವು. ನಾವು ಮೈಸೂರು, ಹಾಸನದಲ್ಲಿ ಕೂತು ಅದರ ಲಾಭ ಪಡೆದೆವು. ಮುಂಬೈನಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್ದೇವ್ ಆರ್‌ಟಿಒದಲ್ಲಿ ರಿಜಿಸ್ಟರ್ ಆಗಿದ್ದು 2003ರ ಅಕ್ಟೋಬರ್ 29ಕ್ಕೆ. 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆ ಬಿಟ್ಟಿತು. ಪೇಪರುಗಳೆಲ್ಲ ಆ ದಿನ ಭಾವುಕವಾಗಿ ಬರೆದವು. ನನಗೆ ಹೊಳೆದದ್ದು ಒಂದೇ: ಇನ್ನು ಕ್ಲಚ್ ಪ್ಲೇಟ್ ಯಾರು ಮಾಡ್ತಾರೆ?

ಜನವರಿ

ಕಾರು ಕೆಳಗೆ ಇಳಿದಿದೆ. ಶ್ರೀರಂಗಪಟ್ಟಣದ ತನಕ ಹೋಗಿ ಬಂದೆ. ಎಂಜಿನ್ ಶಾಂತ, ಗೇರ್ ಬೆಣ್ಣೆ ಅಲ್ಲದಿದ್ದರೂ ಸಿಗುತ್ತದೆ. ಮುಂದಿನ ಕ್ವಾರ್ಟರ್ ಗ್ಲಾಸ್ (ಬಾಗಿಲಿನ ಮೂಲೆಯ ಸಣ್ಣ ಗಾಜು) ಮಾತ್ರ ಗಾಳಿಗೆ ಕೀಂ ಅನ್ನುತ್ತಿದೆ. ಅದರ ಸುತ್ತಿನ ರಬ್ಬರ್ ಬೀಡಿಂಗ್ ಒಣಗಿ ಕಲ್ಲಾಗಿದೆ.

ಅಲ್ಲಿ ನಮ್ಮ ಕಡೆಯ ಪದ್ಮಿನಿ, ಫಿಯಟ್ ಇರುವವರು ಭಾನುವಾರ ಬೆಳಿಗ್ಗೆ ತಿಂಡಿಗೆ ಸೇರಿದ್ದರು. ಸುಮ್ನೆ ಒಂದು ಸುತ್ತು ಕಣ್ಣು ಹಾಯಿಸಿದೆ. ಬಹಳ ಜನ ಅರವತ್ತೈದರ ಮೇಲೆ. ಒಬ್ಬರನ್ನು ಮೊಮ್ಮಗ ಕರೆದುಕೊಂಡು ಬಂದಿದ್ದ, ಕಾರು ಅವನೇ ಓಡಿಸಿದ್ದು. ಇಡ್ಲಿಯ ಜೊತೆ ಬಂದ ಮಾತು ಪ್ರತಿ ಸಲದ್ದೇ. "ನಮ್ಮ ಕಾಲ ಮುಗೀತು, ನಮ್ಮ ಮಕ್ಕಳಿಗೆ ಬೇಡ, ಇನ್ನು ಇದಕ್ಕೆ ಗಿರಾಕಿ ಯಾರು?"

ಇದನ್ನು ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಬೇಡ ಅನ್ನುವುದು ನಿಜ. ಆದರೆ ಮುಂದಿನ ಓನರ್ ಮಕ್ಕಳೇ ಆಗಬೇಕು ಅಂತ ಯಾರು ಹೇಳಿದ್ದು? ಅದೇ ತಿಂಡಿಗೆ ಸಾಫ್ಟ್‌ವೇರ್ ಕೆಲಸದ ಒಬ್ಬ ಹುಡುಗಿ ಬಂದಿದ್ದಳು. ಅವಳ ಮನೆಯಲ್ಲಿ ಯಾವತ್ತೂ ಫಿಯಟ್ ಇರಲಿಲ್ಲ, ಅಪ್ಪನ ಮೊದಲ ಕಾರು ಮಾರುತಿ 800. ಚಿಕ್ಕಮಗಳೂರಿನ ತೋಟದ ಮನೆಯಿಂದ ಪದ್ಮಿನಿ ತಂದಿದ್ದಾಳೆ. ಯಾಕೆ ಅಂತ ಕೇಳಿದೆ. "ಬಾನೆಟ್ ತೆಗೆದರೆ ಎಲ್ಲ ಕಾಣುತ್ತೆ, ಸ್ಪ್ಯಾನರ್ ಹೋಗುತ್ತೆ" ಅಂದಳು. ಆಮೇಲೆ ಬಾಡಿಯ ಹಿಂದಿನ ರೆಕ್ಕೆಯಂಥ ಅಂಚು. ಆಮೇಲೆ ಕಾಲಂ ಗೇರ್. ಅಜ್ಜನ ನೆನಪು, ಮದುವೆಯ ದಿಬ್ಬಣ, ಊಟಿಯ ಪ್ರವಾಸ ಒಂದೂ ಅವಳ ಪಟ್ಟಿಯಲ್ಲಿ ಇರಲಿಲ್ಲ. ನೆನಪಿನ ಮೇಲೆ ನಿಂತ ಬೇಡಿಕೆ ನೆನಪಿದ್ದವರ ಜೊತೆ ಹೋಗುತ್ತದೆ. ಇವಳದ್ದು ಹಾಗಲ್ಲ, ಆದ್ದರಿಂದ ಉಳಿಯುತ್ತದೆ ಅಂತ ನನ್ನ ಲೆಕ್ಕ.

ಆದರೆ ಅವಳನ್ನು ಹಿರಿಯರು ನಡೆಸಿಕೊಂಡ ರೀತಿ ನನಗೆ ಹಿಡಿಸಲಿಲ್ಲ. ಎಲ್‌ಇಡಿ ಹೆಡ್‌ಲೈಟ್ ಯಾಕೆ, ಡೈನಮೋ ತೆಗೆದು ಆಲ್ಟರ್ನೇಟರ್ ಯಾಕೆ, ಮುಂದೆ ಡಿಸ್ಕ್ ಬ್ರೇಕ್ ಹಾಕಿಸುತ್ತೀಯಾ, ಕಾರು ಕೆಡಿಸಬೇಡ ಅಂತ ಒಂದೇ ಸಮ. ಮೈಸೂರು ಬೆಂಗಳೂರು ಹೈವೇಯಲ್ಲಿ ಈಗಿನ ವೇಗಕ್ಕೆ ಡ್ರಮ್ ಬ್ರೇಕ್ ಸಾಲದು. ಇದು ಅವರಿಗೂ ಗೊತ್ತು, ಅದಕ್ಕೇ ಅವರು ಯಾರೂ ಆ ಕಡೆ ಹೋಗುವುದಿಲ್ಲ. ಬ್ರೇಕ್, ಲೈಟ್, ಚಾರ್ಜಿಂಗ್ ಬದಲಾಯಿಸಿದರೆ ನನ್ನ ತಕರಾರಿಲ್ಲ, ಹಳೆಯ ಭಾಗ ಡಬ್ಬಿಯಲ್ಲಿ ಇಟ್ಟುಕೊಂಡರೆ ಸಾಕು. ಕಾಲಂ ಗೇರ್ ಕಿತ್ತು ಬೇರೆ ಗೇರ್‌ಬಾಕ್ಸ್ ಕೂರಿಸುವುದು, ಬಾಡಿ ಕತ್ತರಿಸುವುದು, ಇದಕ್ಕೆ ಮಾತ್ರ ನಾನೂ ಹಿರಿಯರ ಪಕ್ಷ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಂಥ ಕಡೆ ಹಳೇ ಕಾರುಗಳು ಇದ್ದ ಹಾಗೇ ಇರಲಿ. ರಸ್ತೆ ಮೇಲೆ ಓಡುವ ಕಾರಿಗೆ ಸ್ವಲ್ಪ ಸಡಿಲ ಬೇಕು ಅಲ್ವಾ?

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಬರುವುದು ಶೇ. 20 ಎಥನಾಲ್ ಇರುವ ಪೆಟ್ರೋಲ್. ಹಳೇ ರಬ್ಬರಿಗೆ ಎಥನಾಲ್ ಆಗುವುದಿಲ್ಲ: ಪೈಪ್ ಉಬ್ಬುತ್ತದೆ, ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಂ (ಒಳಗಿನ ತೆಳು ಪದರ) ಹಾಳಾಗುತ್ತದೆ. ತೇವವನ್ನೂ ಎಳೆದುಕೊಳ್ಳುವುದರಿಂದ ನಿಂತ ಕಾರಿನ ಟ್ಯಾಂಕಿಗೆ ತುಕ್ಕು. ಪೂರ್ತಿ ಲೈನ್ ಎಥನಾಲ್ ತಡೆಯುವ ವೈಟಾನ್ ರಬ್ಬರ್ ಪೈಪಿಗೆ ಬದಲಾಯಿಸಿದೆ, ಹೊಸ ಡಯಾಫ್ರಂ ಹಾಕಿದೆ, ಗಾಳಿ ಪೆಟ್ರೋಲಿನ ಮಿಕ್ಸ್ಚರ್ ತೆಳ್ಳಗಾಗದ ಹಾಗೆ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಬರುವ ತೂತು) ಒಂದು ಸೈಜ್ ದೊಡ್ಡದು ಮಾಡಿದೆ. ಬೇಸಿಗೆಯಲ್ಲಿ ಪಂಪ್ ಬಿಸಿಯಾಗಿ ಪೆಟ್ರೋಲ್ ಆವಿಯಾಗಿ ನಿಂತುಬಿಡುವ ಹಳೇ ಕಾಯಿಲೆ ಈಗ ಜಾಸ್ತಿ. ಘಾಟಿ ಹತ್ತುವಾಗ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದನ್ನು ಹಿರಿಯರಿಂದ ಕಲಿತಿದ್ದೆ. ಅದಕ್ಕೆ ಮಾತ್ರ ಇನ್ನೂ ಬೇರೆ ಉಪಾಯ ಸಿಕ್ಕಿಲ್ಲ.

ಫೆಬ್ರವರಿ

ಈ ತಿಂಗಳು ಸ್ಪ್ಯಾನರ್ ಹಿಡಿದದ್ದಕ್ಕಿಂತ ಕಾಗದ ಹಿಡಿದದ್ದೇ ಹೆಚ್ಚು.

ನನ್ನ ಕಾರಿನ ಆರ್‌ಸಿ ಕೈಬರಹದ ಹಳೇ ಪುಸ್ತಕ. ಕಂಪ್ಯೂಟರಿನಲ್ಲಿ ದಾಖಲೆ ಇರಲಿಲ್ಲ. ಮೊದಲು ಹಳೇ ದಾಖಲೆಯನ್ನು ಸರ್ಕಾರದ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ವಾಹನ್‌ಗೆ ಏರಿಸಬೇಕು, ಆಮೇಲೆ ರಿಜಿಸ್ಟ್ರೇಷನ್ ನವೀಕರಣ. ಆರ್‌ಸಿಯಲ್ಲಿ ಸಾಲದ ಮೊಹರು ಬೇರೆ ಇತ್ತು. ಸಾಲ ತೀರಿ ದಶಕಗಳಾಗಿವೆ. ಆದರೆ ಸಾಲ ತೀರಿದೆ ಅನ್ನುವ ಫಾರ್ಮ್ 35ಕ್ಕೆ ಸಹಿ ಹಾಕಬೇಕಾದ ಬ್ಯಾಂಕೇ ಈಗ ಇಲ್ಲ, ಇನ್ನೊಂದರಲ್ಲಿ ಸೇರಿಹೋಗಿದೆ. ಲೆಕ್ಚರರು ಕೊನೆಯ ಕಂತಿನ ರಸೀದಿಯನ್ನು ಫೈಲಿನಲ್ಲಿ ಇಟ್ಟಿದ್ದರು. ಅದಿಲ್ಲದಿದ್ದರೆ ಕೆಲಸ ನಿಂತುಹೋಗುತ್ತಿತ್ತು.

ನವೀಕರಣದ ಶುಲ್ಕವೂ ಏರಿದೆ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ. ಐದು ವರ್ಷಕ್ಕೊಮ್ಮೆ ಬರುವ ಖರ್ಚು, ನನಗೆ ಭರಿಸಲು ಆಗುತ್ತದೆ. ಪಿಂಚಣಿಯಲ್ಲಿ ಇರುವ, ತಿಂಗಳಿಗೊಮ್ಮೆ ದೇವಸ್ಥಾನಕ್ಕೆ ಮಾತ್ರ ಕಾರು ತೆಗೆಯುವ ಹಿರಿಯರಿಗೆ ಇದೇ ಮಾರುವ ನೆಪ ಆಗುತ್ತಿದೆ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಾರದಾ ಅಂತ ಕೇಳುತ್ತಾರೆ. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. 20,000 ಕಟ್ಟಿದರೆ ಹತ್ತು ವರ್ಷಕ್ಕೆ ಸಿಗುತ್ತದೆ, ನಂಬರಿನಲ್ಲಿ 'ವಿಎ' ಬರುತ್ತದೆ. ಆದರೆ ದಿನನಿತ್ಯ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಹೀಗೆ ಅಷ್ಟಕ್ಕೇ. 1964ರ ಡಿಲೈಟ್ ಇದ್ದವರಿಗೆ ಸರಿ. ನನ್ನ ಕಾರಿಗೆ 2036ರ ತನಕ ಆ ಪ್ರಶ್ನೆಯೇ ಇಲ್ಲ, ಆಗಲೂ ನಾನು ಮಾಡಿಸುವುದಿಲ್ಲ. ಓಡಿಸಲು ಆಗದ ಕಾರನ್ನು ಯಾವ ಇಪ್ಪತ್ತೈದರ ಹುಡುಗ ಕೊಳ್ಳುತ್ತಾನೆ?

ಹಿರಿಯ ಓನರುಗಳ ಮನೆಯವರು ಓದುತ್ತಿದ್ದರೆ ಇದನ್ನು ಗಮನಿಸಿ. ಆರ್‌ಸಿ ಅಪ್ಪನ ಹೆಸರಲ್ಲಿದ್ದು ಅವರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ಹಾಗೇ ಬಿಟ್ಟ ಕಾರು ಎಷ್ಟು ಚೆನ್ನಾಗಿದ್ದರೂ ಸರಿಯಾದ ಗಿರಾಕಿ ಮುಟ್ಟುವುದಿಲ್ಲ. ಇನ್ನೂ ಒಳ್ಳೆಯದು, ಅವರು ಇರುವಾಗಲೇ ಹೆಸರು ವರ್ಗಾಯಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿ ಬೇಕಾದವರಿಗೆ ಕೊಡುವುದು. ಕಾರು ಕೊಂಡವರ ಪಕ್ಕ ಕೂತು ಒಂದು ಸಂಜೆ ಊರೊಳಗೆ ಸುತ್ತಿಸಿದರೆ ಯಾವ ಗೇರಿನಲ್ಲಿ ಯಾವ ಸದ್ದು ಮಾಮೂಲಿ ಅನ್ನುವುದನ್ನೂ ದಾಟಿಸಿದ ಹಾಗೆ ಆಯಿತು.

ಹಾಸನದಲ್ಲಿ ಒಬ್ಬ ಡಾಕ್ಟರ ಹಳೇ ಫಿಯಟ್ ಇಂಥದ್ದೇ ಸಿಕ್ಕಿನಲ್ಲಿದೆ. ಯಜಮಾನರು ಹೋಗಿ ವರ್ಷಗಳಾಗಿವೆ, ಆರ್‌ಸಿ ಅವರ ಹೆಸರಲ್ಲೇ ಇದೆ. ಅವರ ಮಗಳು ಕಾಗದ ಸರಿ ಮಾಡಿಸಲು ಒಪ್ಪಿದ್ದಾರೆ. ನಮ್ಮ ಸಾಫ್ಟ್‌ವೇರ್ ಹುಡುಗಿಯ ಸ್ನೇಹಿತನೊಬ್ಬ ಕಾರು ನೋಡಿ ಬಂದಿದ್ದಾನೆ. ನಾನು ಹೋಗುತ್ತಿರುವುದು ಅಟ್ಟ ನೋಡಲು.

ನನ್ನ ಕಾರಿನಲ್ಲಿ ಬಾಕಿ: ಕ್ವಾರ್ಟರ್ ಗ್ಲಾಸ್ ಬೀಡಿಂಗ್, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ತುಕ್ಕು ಕತ್ತರಿಸಿ ಹೊಸ ತಗಡು, ಹಿಂದಿನ ಲೀಫ್ ಸ್ಪ್ರಿಂಗಿನ ಬುಷ್. ಬಣ್ಣ ಆಮೇಲೆ. ಬೀಡಿಂಗ್ ಯಾರ ಹತ್ತಿರವಾದರೂ ಹಳೇ ಸ್ಟಾಕ್ ಇದ್ದರೆ ಹೇಳಿ. ಬದಲಿಗೆ ಎರಡು ಸೆಟ್ ಕಿಂಗ್ ಪಿನ್ ಕೊಡುತ್ತೇನೆ, ಪೇಪರ್ ಸುತ್ತಿದ್ದು, ತಾರೀಖು ಬರೆದದ್ದು.